ಕ್ರೇನು ಹತ್ತಿದ ಅತ್ತಿಗೆ

ನಮ್ಮ ಅತ್ತಿಗೆಯ ಮೂಗುಬೊಟ್ಟಿನ ಸುತ್ತ ಕರಿ ಎಣ್ಣೆಯ ಸಣ್ಣದೊಂದು ಬಳೆ ಇರುತ್ತಿತ್ತು. ಕೆಲಸ ಮಾಡುವಾಗ ಮೂಗಿನ ಮೇಲೆ ಬೆವರಿಳಿದರೆ ಮುಂಗೈಯಿಂದ ಒರೆಸಿಕೊಳ್ಳುವುದು ಅವಳ ರೂಢಿ. ಮುಂಗೈಗೆ ಮೆತ್ತಿದ ಇಂಜಿನ್ ಎಣ್ಣೆ ಮೂಗುಬೊಟ್ಟಿಗೆ ತಾಗಿ ಅಲ್ಲೇ ಮನೆ ಮಾಡಿಕೊಳ್ಳುತ್ತಿತ್ತು. ಸಂಜೆ ಬಂದು ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತಿಕ್ಕುತ್ತಿದ್ದಳು. ಮೂಗು ಕೆಂಪಾಗುತ್ತಿತ್ತೇ ಹೊರತು ಕಪ್ಪು ಹೋಗುತ್ತಿರಲಿಲ್ಲ. "ಇರ್ಲಿ ಬುಡು, ದೃಷ್ಟಿ ತಾಕಾಕಿಲ್ಲ" ಎಂದು ನಗುತ್ತಾ ಎದ್ದುಬಿಡುತ್ತಿದ್ದಳು. ಅವಳ ನಗು ದೊಡ್ಡದು. ಡೀಸೆಲ್ ಶೆಡ್ಡಿನ ಗದ್ದಲದಲ್ಲಿ ಮಾತಾಡಿ ಮಾತಾಡಿ, ಮನೆಯಲ್ಲಿ ಉಪ್ಪು ಕೇಳಿದರೂ ಮೂರನೇ ಮನೆಯವರು ಉಪ್ಪು ತಂದುಕೊಡುವ ಹಾಗೆ ಕೇಳುತ್ತಿದ್ದಳು.

ಅವಳು ನನ್ನ ಹಿರಿಯಣ್ಣನ ಹೆಂಡತಿ. ತವರು ಪುರವರದ ಕಡೆ. ಕುರಿ ಸಾಕುವ ಮನೆತನ, ನಮ್ಮದೂ ಅದೇ. ಪಾವಗಡದಿಂದ ಆಚೆ, ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೋ ಗೊತ್ತಾಗದ ಜಾಗದಲ್ಲಿ ನಮ್ಮ ಹಟ್ಟಿ. ಆ ಕಾಲಕ್ಕೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕಿನಲ್ಲಿ ಎಲ್ಲಿಯೂ ರೈಲು ಹಳಿ ಇರಲಿಲ್ಲ. ಅಂಥ ಊರಿನಿಂದ ನಮ್ಮಣ್ಣ ಹೇಗೋ ಗಡಿಯಾಚೆಯ ದೊಡ್ಡ ಜಂಕ್ಷನ್ನಿಗೆ ಹೋಗಿ, ಡೀಸೆಲ್ ಇಂಜಿನ್ನುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಖಲಾಸಿಯಾಗಿ, ಅಂದರೆ ಮೆಕ್ಯಾನಿಕ್ಕರ ಕೈಯಾಳಾಗಿ ಸೇರಿಕೊಂಡಿದ್ದ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಕಾಮಾಲೆ ಬಂದು ತೀರಿಕೊಂಡ. ಆಗ ಅತ್ತಿಗೆಯ ಮಡಿಲಲ್ಲಿ ಹಾಲು ಕುಡಿಯುವ ಗಂಡುಮಗು. ಎಪ್ಪತ್ತರ ದಶಕದ ನಡುಭಾಗ.

ತಿಥಿ ಮುಗಿದ ಮೇಲೆ ಹಟ್ಟಿಯ ಹಿರಿಯರು ನಮ್ಮ ಜಗಲಿಯ ಮೇಲೆ ಕೂತರು. ರೈಲ್ವೆಯವರು ಅಣ್ಣನ ಕೆಲಸವನ್ನು ಅವನ ಮನೆಯವರಿಗೇ ಕೊಡುತ್ತೇವೆ ಎಂದು ಹೇಳಿಕಳಿಸಿದ್ದರು. ಹೆಂಡತಿಗೆ ಮೊದಲ ಹಕ್ಕು, ಅವಳು ಬೇಡವೆಂದರೆ ಬೇರೆಯವರ ಮಾತು. ಹಿರಿಯರೆಲ್ಲ ಸೇರಿ ನನ್ನ ಚಿಕ್ಕಣ್ಣನಿಗೆ ಕೊಡಿಸುವುದೆಂದು ತೀರ್ಮಾನಿಸಿದ್ದರು, ಅತ್ತಿಗೆಯ ಒಪ್ಪಿಗೆ ಕೇಳುವುದಷ್ಟೇ ಬಾಕಿ ಇತ್ತು. ಬಾಗಿಲ ಪಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅವಳು ಅಷ್ಟು ದಿನ ಬಾಯಿಯನ್ನೇ ಬಿಟ್ಟಿರಲಿಲ್ಲ.

"ನಾನೇ ಓಯ್ತೀನಿ ಮಾವ" ಎಂದಳು.

ಅವ್ವ ಒಳಗಿನಿಂದಲೇ ಸಿಡುಕಿದಳು. "ಎಲ್ಲಿಗೆ ಓಯ್ತೀಯ? ಗಂಡಸ್ರ ಮಧ್ಯೆ ಕಬ್ಬಿಣ ತಿಕ್ಕಾಕೆ ಓಯ್ತೀಯ? ಊರೋರು ಏನಂದಾರು?"

"ಅತ್ತೆ, ನಮ್ಮಪ್ಪನ ಮಂದೆ ಮೇಯ್ಸಿದೋಳು ನಾನು. ಗುಡ್ಡದಾಗೆ ತೋಳ ಮಂದೆಗೆ ನುಗ್ಗಿದಾಗ ಊರೋರು ಯಾರೂ ಬರ್ನಿಲ್ಲ, ನಾನೇ ಕೋಲು ತಕ್ಕಂಡು ಓಡ್ಸಿದೆ. ಕುರಿ ಕಾಯಾಕೆ ಬತ್ತದೆ, ಇಂಜಿನ್ ಕಾಯಾಕೆ ಬರಾಕಿಲ್ವ?"

ನಮ್ಮಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ, "ಸರಿ ಬುಡು. ಗಂಡ ಅವ್ಳೋನು, ಕೆಲ್ಸಾನೂ ಅವ್ಳದೇ. ಮಗೀನ ನೋಡ್ಕಳಾಕೆ ಇವ್ಳು ಜೊತೇಲಿ ಓಗ್ಲಿ" ಎಂದು ನನ್ನತ್ತ ಕೈ ತೋರಿಸಿದ.

ಮನೆಯಲ್ಲಿ ಸಾವಾಗಿತ್ತು, ಸಂತೋಷಪಡುವ ಹೊತ್ತಲ್ಲ. ಆದರೂ ಹೇಳಿಬಿಡುತ್ತೇನೆ, ನನ್ನ ಮನಸ್ಸು ಕುಣಿಯಿತು. ನನಗಾಗ ಹತ್ತೊಂಬತ್ತು. ಹತ್ತನೇ ತರಗತಿ ಮುಗಿಸಿ ಮನೆಯಲ್ಲಿ ಉಣ್ಣೆ ಎಕ್ಕುತ್ತಾ ಕೂತವಳು, ರೈಲನ್ನು ಒಮ್ಮೆಯೂ ಕಂಡಿರಲಿಲ್ಲ. ಅವ್ವ ಮಾತ್ರ ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟಳು. ನಾವು ಬಸ್ಸು ಹತ್ತುವಾಗಲೂ ಮೊಮ್ಮಗನಿಗೆ ಮುತ್ತಿಟ್ಟಳು, ಸೊಸೆಯ ಮುಖ ನೋಡಲಿಲ್ಲ.

ಶೆಡ್ಡಿನ ಬೇಲಿಗೆ ಅಂಟಿಕೊಂಡಂತೆ ನಮ್ಮ ಕ್ವಾರ್ಟರ್ಸು. ಮೊದಲ ಬೆಳಿಗ್ಗೆ ಪಾತ್ರೆಗಳೆಲ್ಲ ಗಡಗಡ ಅಲುಗಿದ ಸದ್ದಿಗೆ ಎಚ್ಚರವಾಯಿತು. ಭೂಮಿಯೇ ಬಿರಿಯಿತೆಂದುಕೊಂಡು ಮಗುವನ್ನು ಎತ್ತಿಕೊಂಡು ಹೊರಗೋಡಿದೆ. ಅತ್ತಿಗೆ ಆಗಲೇ ಬೇಲಿಯ ಹತ್ತಿರ ನಿಂತಿದ್ದಳು. ಬೇಲಿಯಾಚೆ ಒಂದು ಇಂಜಿನ್ನು ನಿಧಾನವಾಗಿ ಶೆಡ್ಡಿನೊಳಗೆ ಹೋಗುತ್ತಿತ್ತು. ಮನೆಗಿಂತ ಎತ್ತರ, ನಮ್ಮ ಹಟ್ಟಿಯ ಬೀದಿಯಷ್ಟು ಉದ್ದ. ನೆತ್ತಿಯಿಂದ ಕರಿಹೊಗೆ ಉಗುಳುತ್ತಾ, ಹೊಟ್ಟೆಯೊಳಗೆ ನೂರು ಒನಕೆ ಒಟ್ಟಿಗೆ ಕುಟ್ಟಿದಂತೆ ದಡದಡ ಎನ್ನುತ್ತಾ ಬರುತ್ತಿದ್ದ ಅದನ್ನು ನೋಡಿ ನಾನು ಮಗುವನ್ನು ಎದೆಗವಚಿಕೊಂಡೆ.

"ಎದರಬ್ಯಾಡ ಕಣೇ, ಅದು ಹಾಯಾಕಿಲ್ಲ" ಎಂದು ಅತ್ತಿಗೆ ನನ್ನ ಭುಜ ಹಿಡಿದುಕೊಂಡಳು. ಅವಳ ಕಣ್ಣು ಮಾತ್ರ ಇಂಜಿನ್ನಿನ ಮೇಲಿಂದ ಕದಲಿರಲಿಲ್ಲ.

ಆ ಇಂಜಿನ್ನು ಶೆಡ್ಡಿನಲ್ಲೇ ಎಲ್ಲಕ್ಕಿಂತ ಹಳೆಯದು. ಡೀಸೆಲ್ ಇಂಜಿನ್ನು ನಮ್ಮ ದೇಶಕ್ಕೆ ಹೊಸದಾಗಿದ್ದ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದದ್ದಂತೆ. ಮುಖ ಮೊಂಡು, ದನಿ ಒರಟು, ಚಳಿಗಾಲದಲ್ಲಿ ಶುರುವಾಗಲು ಹತ್ತು ಸಲ ಕೆಮ್ಮುತ್ತಿತ್ತು. ಕೆಲಸಕ್ಕೆ ಸೇರಿದ ವಾರದಲ್ಲೇ ಅತ್ತಿಗೆ ಅದಕ್ಕೆ 'ಹೋತ' ಎಂದು ಹೆಸರಿಟ್ಟಳು. ಮಂದೆಯ ಮುಂದೆ ಹೋಗುವ ಹಳೆಯ ಗಂಡು ಮೇಕೆಯ ಗತ್ತೇ ಅದಕ್ಕಿದೆ ಎನ್ನುತ್ತಿದ್ದಳು. ಉಳಿದವುಗಳಿಗೂ ಹೆಸರಿದ್ದವು. ಬಣ್ಣ ಉದುರಿದ್ದು ಬೋಳಿ, ಕೆಂಪು ಪಟ್ಟೆಯದು ಕೆಂಚಿ. ಶೆಡ್ಡಿನವರು ನಂಬರ್ ಹೇಳಿದರೆ, "ಯಾವ್ದು, ಕೆಂಚಿನಾ?" ಎಂದು ಕೇಳುತ್ತಿದ್ದಳು. ವರ್ಷ ಕಳೆಯುವಷ್ಟರಲ್ಲಿ ತೆಲುಗಿನವರೂ ಕೆಂಚಿ, ಬೋಳಿ ಎನ್ನುವುದಕ್ಕೆ ಶುರುಮಾಡಿದ್ದರು.

ಮೊದಮೊದಲು ಅವಳಿಗೆ ಕೊಟ್ಟದ್ದು ಒರೆಸುವ ಕೆಲಸ. ಇಂಜಿನ್ನಿನ ಹೊಟ್ಟೆಯಡಿ ಮನುಷ್ಯ ನಿಂತು ಕೆಲಸ ಮಾಡುವಷ್ಟು ಆಳದ ಗುಂಡಿ ಇರುತ್ತದೆ. ಅದರೊಳಗಿಳಿದು, ನೂಲಿನ ಉಂಡೆಗೆ ಸೀಮೆಎಣ್ಣೆ ಹಾಕಿ ಗ್ರೀಸು, ಮಸಿ ತೆಗೆಯಬೇಕು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲೆ ಅಣ್ಣನ ಖಾಕಿ ಅಂಗಿ ತೊಟ್ಟು ಹೋಗುತ್ತಿದ್ದಳು. ಶೆಡ್ಡಿನಲ್ಲಿ ಅವಳೊಬ್ಬಳೇ ಹೆಂಗಸು. ಎರಡನೆಯ ದಿನವೋ ಮೂರನೆಯ ದಿನವೋ ಒಬ್ಬ ಖಲಾಸಿ ಗುಂಡಿಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ, "ಏಮಮ್ಮಾ, ಇಂಜಿನ್ ಮುಂದರ ಮುಗ್ಗೇಸ್ತಾವಾ?" ಎಂದನಂತೆ. ಇಂಜಿನ್ನಿನ ಮುಂದೆ ರಂಗೋಲಿ ಹಾಕುತ್ತೀಯೇನಮ್ಮಾ ಎಂದು. ಎಲ್ಲರೂ ನಕ್ಕರು. ಅತ್ತಿಗೆಗೆ ಬರುತ್ತಿದ್ದ ತೆಲುಗು ಒಂದು ಹಿಡಿಯಷ್ಟು. "ವೇಸ್ತಾ. ನುವ್ವು ತೊಕ್ಕಕು" ಎಂದಳು. ಹಾಕ್ತೀನಿ, ನೀನು ತುಳಿಯಬೇಡ.

ಮಾರನೆಯ ಬೆಳಿಗ್ಗೆ ಮನೆಯಿಂದ ಒಂದು ಬಟ್ಟಲು ರಂಗೋಲಿ ಪುಡಿ ತೆಗೆದುಕೊಂಡು ಹೋದಳು. ಕೆಲಸದ ಸೈರನ್ ಆಗುವ ಮೊದಲೇ ಹೋತನ ಮುಂದೆ, ಎರಡು ಹಳಿಗಳ ನಡುವೆ, ಅಷ್ಟಗಲದ ರಂಗೋಲಿ ಬಿಡಿಸಿದಳು. ಬಂದವರೆಲ್ಲ ನಿಂತು ನೋಡಿದರು. ಗೇಲಿ ಮಾಡಿದ ಖಲಾಸಿ ಭಾರದ ಕಬ್ಬಿಣ ಹೊತ್ತುಕೊಂಡು ಬಂದವನು ರಂಗೋಲಿಯನ್ನು ತುಳಿಯದೆ ಸುತ್ತಿಬಳಸಿ ಹೋದ. ಆ ಸಂಜೆ ಮನೆಗೆ ಬಂದವಳು ಇದನ್ನು ನನಗೆ ಮಾಡಿಯೇ ತೋರಿಸಿದಳು. ಹೆಗಲ ಮೇಲೆ ದಿಂಬು ಇಟ್ಟುಕೊಂಡು, ಅವನು ಕಾಲೆತ್ತಿ ಕಾಲೆತ್ತಿ ಹೋದದ್ದನ್ನು ನಟಿಸುತ್ತಿದ್ದರೆ ಅಣ್ಣ ಹೋದ ಮೇಲೆ ಮೊದಲ ಸಲ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಾ ನಗುತ್ತಾ ಅವಳು ಅತ್ತುಬಿಟ್ಟಳು.

ಶೆಡ್ಡಿನ ನೆತ್ತಿಯಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಒಂದು ದೊಡ್ಡ ಕ್ರೇನಿತ್ತು. ಮಾಡಿನ ಕೆಳಗೆ ಅದರ ಪುಟ್ಟ ಗೂಡು ತೂಗುತ್ತಿತ್ತು, ಅಲ್ಲಿಗೆ ಹೋಗಲು ಗೋಡೆಗೆ ನೇರ ಏಣಿ. ಗೂಡಿನಲ್ಲಿ ಕೂತು ಸನ್ನೆಗೋಲುಗಳನ್ನು ಎಳೆಯುತ್ತಿದ್ದವರು ಸಿರಾದ ಒಬ್ಬ ಮುಸಲ್ಮಾನರು. ನೆರೆತ ಗಡ್ಡ, ಜೇಬಿನಲ್ಲಿ ಸದಾ ಅಡಿಕೆಪುಡಿ. ಎಲ್ಲರಿಗೂ ಅವರು ಚಾಚಾ. ಅತ್ತಿಗೆ ಗುಂಡಿಯೊಳಗಿಂದ ಅವರನ್ನೇ ನೋಡುತ್ತಿದ್ದಳು. ಆನೆ ತೂಕದ ಚಕ್ರಗಳನ್ನು ಆ ಮುದುಕರು ಹೂವಿನ ಬುಟ್ಟಿಯಂತೆ ಎತ್ತಿಡುವುದನ್ನು ನೋಡಿ ಅವಳಿಗೆ ಹುಚ್ಚೇ ಹಿಡಿಯಿತು. ಒಂದು ದಿನ ಊಟದ ಹೊತ್ತಿನಲ್ಲಿ ಹೋಗಿ ಕೇಳಿಯೇಬಿಟ್ಟಳು.

"ಚಾಚಾ, ನಂಗೂ ಅದ್ನ ಕಲ್ಸಿಕೊಡಿ."

"ಅರೆ ಬೇಟಿ, ಮೇಲೆ ಹೋದ್ರೆ ತಲೆ ತಿರುಗ್ತೈತೆ."

"ನಮ್ಮೂರ ತಾವ ಮಧುಗಿರಿ ಬೆಟ್ಟ ಐತೆ. ಅದ್ರ ಮ್ಯಾಲೆ ನಿಂತು ಕೆಳಗಿನ ಕುರಿ ಲೆಕ್ಕ ಹಾಕಿದೋಳು ನಾನು."

ಚಾಚಾ ನಕ್ಕುಬಿಟ್ಟರು. ಅವಳು ಮಾರನೆಯ ದಿನವೂ ಕೇಳಿದಳು. ಅದರ ಮಾರನೆಯ ದಿನವೂ ಕೇಳಿದಳು. ಕೊನೆಗೆ ಅವರೇ, "ಚಲ್, ಬಾ" ಎಂದು ಏಣಿ ಹತ್ತಿಸಿದರು. ಕೆಳಗಿರುವವನು ಕೈಸನ್ನೆ ಮಾಡುತ್ತಾನೆ, ಮೇಲಿರುವವರು ಅದರಂತೆ ಎತ್ತಬೇಕು, ಇಳಿಸಬೇಕು. "ಎತ್ತೋದು ಯಾರು ಬೇಕಾದ್ರೂ ಎತ್ತುತಾರೆ ಬೇಟಿ. ಇಳಿಸೋದರಲ್ಲಿ ಐತೆ ಹುನರು" ಎನ್ನುವುದು ಅವರ ಮಾತು. ಹುನರು ಎಂದರೆ ಕಸುಬುದಾರಿಕೆ. ಕೊಕ್ಕೆಗೆ ಒಂದು ಬಕೆಟ್ ನೀರು ತೂಗಿಹಾಕಿ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ಒಯ್ದು, ತೊಟ್ಟು ಚೆಲ್ಲದಂತೆ ನೆಲಕ್ಕಿಡಬೇಕು. ಅದು ಅವರ ಪಾಠ. ಮೊದಲ ದಿನ ಬಕೆಟ್ಟಿನಲ್ಲಿ ಉಳಿದದ್ದು ತಳ ಒದ್ದೆಯಾಗುವಷ್ಟು ನೀರು. ಕೆಳಗೆ ನಿಂತವರಿಗೆಲ್ಲ ಸ್ನಾನ.

ಮನೆಗೆ ಬಂದರೂ ಅವಳಿಗೆ ಅದೇ ಧ್ಯಾನ. ತಾರಸಿಯ ಮೇಲೆ ನಿಂತು ಹಗ್ಗಕ್ಕೆ ಬಿಂದಿಗೆ ಕಟ್ಟಿ ಇಳಿಬಿಡುತ್ತಿದ್ದಳು. ನಾನು ಅಂಗಳದಲ್ಲಿ ನಿಂತು ಕೈಸನ್ನೆ ಮಾಡಬೇಕು. ಹೆಬ್ಬೆರಳು ಮೇಲೆ, ಎತ್ತು. ಅಂಗೈ ಕೆಳಗೆ, ಇಳಿಸು. ಮುಷ್ಟಿ, ನಿಲ್ಲಿಸು. ನಾನು ತಪ್ಪು ಮಾಡಿದರೆ ಮೇಲಿಂದಲೇ ಕೂಗು: "ಲೇ, ಅಂಗಲ್ಲ ಕಣೇ! ಇಂಗೆ ಕೈ ಆಡ್ಸಿದ್ರೆ ಕೆಳಗಿರೋನು ಸತ್ತೋಯ್ತಾನೆ!" ಬೀದಿಯ ಮಕ್ಕಳೆಲ್ಲ ಸೇರುತ್ತಿದ್ದರು. ಮಗ ಆಗಷ್ಟೇ ಮಾತು ಕಲಿಯುತ್ತಿದ್ದ. ಅವ್ವ ಅನ್ನುವುದಕ್ಕೂ ಮುಂಚೆ ಅವನು ಅಂಗೈ ಕೆಳಗೆ ಮಾಡಿ "ಇಲ್ಸು" ಎಂದ.

ನನ್ನನ್ನೂ ಅವಳು ಸುಮ್ಮನೆ ಬಿಡಲಿಲ್ಲ. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ತಾತ ಇದ್ದರು. ಶೆಡ್ಡಿನಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಅವರದು. ಮನೆಯಲ್ಲೂ ಫ್ಯಾನು, ನೀರೆತ್ತುವ ಮೋಟಾರು ತಂದು ಸುತ್ತುತ್ತಿದ್ದರು. "ಮಗೀನ ತೂಗ್ಕಂಡು ಎಷ್ಟು ವರ್ಸ ಕುಂತೀಯ ತಂಗಿ? ತಾತನ ತಾವ ಹೋಗು, ಕೈಗೊಂದು ಕಸುಬು ಹಿಡ್ಕ" ಎಂದು ತಳ್ಳಿದಳು. ನಾನು ನಾಚಿಕೊಂಡು ಬಾಗಿಲಲ್ಲೇ ನಿಂತಿದ್ದರೆ ತಾನೇ ಬಂದು ಕೈಹಿಡಿದು ತಾತನ ಮುಂದೆ ಕೂರಿಸಿದಳು. ಉಣ್ಣೆ ಎಕ್ಕಿ ನೂತ ಬೆರಳುಗಳು ನನ್ನವು, ತಾಮ್ರದ ಎಳೆ ಬೇಗ ಮಾತು ಕೇಳಿತು.

ವರ್ಷಗಳು ಹೀಗೆ ಉರುಳಿದವು. ಚಾಚಾ ನಿವೃತ್ತಿಯ ಹತ್ತಿರ ಬಂದರು. ಅವರ ಜಾಗಕ್ಕೆ ಪರೀಕ್ಷೆ ಮಾಡಿ ಒಬ್ಬರನ್ನು ತೆಗೆದುಕೊಳ್ಳಬೇಕು. ಅತ್ತಿಗೆ ತನ್ನ ಹೆಸರು ಕೊಟ್ಟಳು. ಹೆಂಗಸಿಗೆ ಕ್ರೇನು ಕೊಡುವುದುಂಟೇ ಎಂದು ಕೆಲವರು ಗೊಣಗಿದರು. ಶೆಡ್ಡಿನ ಸಾಹೇಬರು ಮೈಸೂರು ಕಡೆಯವರು, ಮಾತು ಕಡಿಮೆ. "ಪರೀಕ್ಷೆ ಎಲ್ಲರಿಗೂ ಒಂದೇ. ಆಯಮ್ಮನೂ ಬರಲಿ" ಎಂದರು.

ಅದೇ ಸಮಯಕ್ಕೆ ಹೋತ ಪೂರ್ತಿ ಕೈಕೊಟ್ಟಿತ್ತು. ಅದನ್ನು ಗುಜರಿಗೆ ಹಾಕುವುದೇ ಸರಿ ಎಂದು ಮೇಲಿನಿಂದ ಮಾತು ಬಂದಿತ್ತು. ಶೆಡ್ಡಿನವರು ಕೇಳಲಿಲ್ಲ. ಇನ್ನೊಂದು ಕಡೆ ಅಪಘಾತದಲ್ಲಿ ಮೈ ಜಜ್ಜಿಹೋಗಿ ಬಿದ್ದಿದ್ದ ಅದೇ ಜಾತಿಯ ಇಂಜಿನ್ನಿನಿಂದ ಯಂತ್ರವನ್ನು ತರಿಸಿದ್ದರು. ಹೋತನ ಹಳೆಯ ಯಂತ್ರವನ್ನು ಎತ್ತಿ ಹೊರಗಿಟ್ಟು, ಆ ಯಂತ್ರವನ್ನು ಅದರ ಹೊಟ್ಟೆಯಲ್ಲಿ ಕೂರಿಸಬೇಕು. ಅತ್ತಿಗೆಯ ಪರೀಕ್ಷೆಗೆ ಬಂದದ್ದು ಅದೇ ಕೆಲಸ.

ಆ ದಿನ ಸಾಹೇಬರ ಅನುಮತಿ ಪಡೆದು ನಾನೂ ಮಗನನ್ನು ಕರೆದುಕೊಂಡು ಹೋಗಿ ಶೆಡ್ಡಿನ ಬಾಗಿಲ ಪಕ್ಕ ನಿಂತಿದ್ದೆ. ಹೋತನ ನೆತ್ತಿ ಬಿಚ್ಚಿಟ್ಟಿದ್ದರು. ಉಕ್ಕಿನ ಹಗ್ಗಗಳನ್ನು ಯಂತ್ರಕ್ಕೆ ಬಿಗಿದು ಕೊಕ್ಕೆಗೆ ಸಿಕ್ಕಿಸಿದರು. ಚಾಚಾ ಕೆಳಗೆ ನಿಂತು ಹೆಬ್ಬೆರಳು ಮೇಲೆ ಮಾಡಿದರು. ಗೂಡಿನಲ್ಲಿ ಅತ್ತಿಗೆಯ ಖಾಕಿ ಅಂಗಿ ಅಲುಗಿತು. ಮನೆಯಷ್ಟು ದೊಡ್ಡ ಆ ಕರಿ ಉಕ್ಕಿನ ಮುದ್ದೆ ಇಷ್ಟಿಷ್ಟೇ ಮೇಲೇರಿತು. ಹೋತನ ಮೈಗೆ ಎಲ್ಲೂ ತಾಕದೆ ಹೊರಬಂತು! ಅಡ್ಡಕ್ಕೆ ಸಾಗಿ, ಖಾಲಿ ಜಾಗದ ಮೇಲೆ ಬಂದು, ನೆಲಕ್ಕೆ ಆಳೆತ್ತರ ಉಳಿದಿತ್ತು. ಅದನ್ನು ಕೂರಿಸುವ ಕಟ್ಟೆಯನ್ನು ಸರಿಮಾಡಲು ಇಬ್ಬರು ಅದರಡಿ ಬಗ್ಗಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದರೆ ಕ್ರೇನಿನ ಬ್ರೇಕು ತಾನೇ ಬಿಗಿದುಕೊಳ್ಳುತ್ತದೆ, ಭಾರ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಒಬ್ಬ ಬೀಡಿ ಹಚ್ಚಿದ. ಅತ್ತಿಗೆ ಮಾತ್ರ ಗೂಡಿನಿಂದ ಅರ್ಧ ಮೈ ಹೊರಹಾಕಿ ಕೆಳಗೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಗೂಡಿನ ಗಂಟೆಯನ್ನು ಕಾಲಿನಿಂದ ಢಣಢಣ ಬಾರಿಸಿದಳು. "ಕರೆಂಟ್ ಬರತ್ತೆ ಇರಮ್ಮಾ" ಎಂದು ಯಾರೋ ನಕ್ಕರು.

ಆಗ ಬಂತು ಅವಳ ಕೂಗು. ಗುಡ್ಡದ ಮೇಲಿಂದ ಮಂದೆಯನ್ನು ಚದುರಿಸುವ ಕುರುಬರ ಕೂಗು. "ಹೋಯ್! ಹೋಯ್! ಈಚೆ ಬರ್ರೋ! ಸರೀತೈತೆ ಕಣ್ರೋ! ಬ್ರೇಕು ಇಡೀತಿಲ್ಲ!"

ಕೂಗಿಗೆ ಬಗ್ಗಿದ್ದ ಇಬ್ಬರೂ ಹೊರಗೆ ಜಿಗಿದರು. ಆಮೇಲೆ ನೋಡಿದರೆ ಹೌದು, ಭಾರ ಇಳಿಯುತ್ತಿತ್ತು. ಕಣ್ಣಿಗೆ ಕಾಣದಷ್ಟು ನಿಧಾನ, ಒಂದು ಬೆರಳು, ಮತ್ತೊಂದು ಬೆರಳು. ಅತ್ತಿಗೆ ಯಂತ್ರದ ಅಂಚನ್ನು ಹಿಂದಿನ ಕಂಬದ ಹಳದಿ ಗೆರೆಗೆ ಹಿಡಿದು ನೋಡುತ್ತಿದ್ದಳಂತೆ, ಗೆರೆ ಮುಚ್ಚಿಕೊಂಡಾಗ ಗೊತ್ತಾಯಿತಂತೆ. "ಸ್ಲೀಪರ್ ತನ್ನಿ!" ಎಂದು ಸಾಹೇಬರು ಕೂಗಿದರು. ಹಳಿಗಳ ಅಡಿ ಹಾಕುವ ಮರದ ದಿಮ್ಮಿಗಳು ಗೋಡೆಯ ಪಕ್ಕ ರಾಶಿ ಬಿದ್ದಿದ್ದವು. ಎಲ್ಲರೂ ಓಡಿದರು. ಸಾಹೇಬರೂ ಬಿಳಿ ಅಂಗಿಯ ತೋಳು ಮಡಚಿ ಒಂದು ದಿಮ್ಮಿಯ ತುದಿ ಹಿಡಿದರು. ಇನ್ನೊಂದು ತುದಿ ಹಿಡಿದವನು ಅಂದು ರಂಗೋಲಿ ಕೇಳಿದ ಖಲಾಸಿ. ಯಾರೂ ಕೆಳಗೆ ಹೋಗದೆ, ಬದಿಯಿಂದ ಹಾರೆಯಲ್ಲಿ ತಳ್ಳಿ ತಳ್ಳಿ ಅಟ್ಟಣೆ ಕಟ್ಟಿದರು. ಅತ್ತಿಗೆ ಮೇಲಿಂದ ಕೂಗುತ್ತಲೇ ಇದ್ದಳು. "ಎಡಕ್ಕೆ! ಇನ್ನೊಂದು ಎಡಕ್ಕೆ! ಸಾಕು!" ಕೊನೆಯ ದಿಮ್ಮಿ ಕೂತಿತು, ಹಿಂದೆಯೇ ಭಾರವೂ ಬಂದು ಅದರ ಮೇಲೆ ಕೂತಿತು. ಮರ ಕಿರ್ರೆಂದು ಅರಚಿತು. ಉಕ್ಕಿನ ಹಗ್ಗ ಸಡಿಲವಾಯಿತು. ಶೆಡ್ಡಿನಲ್ಲಿ ಎದ್ದ ಕೇಕೆ! ನನ್ನ ಕೈ ಹಿಡಿದು ನಿಂತಿದ್ದ ಮಗ ಏನೆಂದು ತಿಳಿಯದೆ ತಾನೂ ಕೇಕೆ ಹಾಕಿದ.

"ಇಳಿದು ಬಾಮ್ಮಾ" ಎಂದರು ಸಾಹೇಬರು.

"ಹಗ್ಗ ಬುಚ್ಲಿ ಸಾರ್, ಆಮ್ಯಾಕೆ ಬತ್ತೀನಿ."

ಕೊಕ್ಕೆ ಖಾಲಿಯಾದ ಮೇಲೆಯೇ ಇಳಿದಳು. ನೆಲಕ್ಕೆ ಬಂದವಳು ಏಣಿಯ ಬುಡದಲ್ಲೇ ಕೂತಳು. ಚಾಚಾ ತಮ್ಮ ಜೇಬಿನ ಅಡಿಕೆಪುಡಿ ತೆಗೆದು ಅವಳ ಅಂಗೈಗೆ ಸುರಿದರು. ಅವರ ಕಣ್ಣು ಒದ್ದೆಯಾಗಿತ್ತು. ಸಾಹೇಬರು ಕೈಗೆ ಮೆತ್ತಿದ ಮಸಿ ಒರೆಸಿಕೊಳ್ಳುತ್ತಾ, "ಬ್ರೇಕು ರಿಪೇರಿ ಆಗಲಿ. ಆ ಯಂತ್ರಾನೂ ನೀವೇ ಕೂರಿಸಬೇಕು" ಎಂದರು. ಕ್ರೇನು ಅವಳದಾದದ್ದು ಎಲ್ಲರಿಗೂ ಆ ಮಾತಿನಲ್ಲೇ ತಿಳಿಯಿತು.

ಹೋತ ಮತ್ತೆ ಶುರುವಾದ ದಿನವನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೊದಲು ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ನೆತ್ತಿಯಿಂದ ಒಂದು ದೊಡ್ಡ ಕರಿಮೋಡ ಹಾರಿ, ಶೆಡ್ಡಿನ ತಗಡೆಲ್ಲ ಝಣಝಣ ಎಂದು, ದಡದಡ ದಡದಡ ಎಂದು ನೆಲ ಕುಣಿಯತೊಡಗಿತು. ಗಂಡಸರೆಲ್ಲ ಟೋಪಿ, ಟವಲು ಮೇಲಕ್ಕೆಸೆದರು. ಅತ್ತಿಗೆ ಅದರ ಮೊಂಡು ಮುಖಕ್ಕೆ ಅಂಗೈ ಇಟ್ಟು ನಿಂತಿದ್ದಳು. ಅದರ ನಡುಕ ಅವಳ ಮೊಣಕೈವರೆಗೆ ಕಾಣುತ್ತಿತ್ತು.

ಆ ವರ್ಷದ ಆಯುಧಪೂಜೆಗೆ ಊರಿಂದ ಅಪ್ಪ ಬಂದ. ಜೊತೆಯಲ್ಲಿ ಅವ್ವನೂ ಬಂದಳು! ಆ ದಿನ ಶೆಡ್ಡಿಗೆ ಮನೆಮಂದಿಯನ್ನೆಲ್ಲ ಬಿಡುತ್ತಿದ್ದರು. ಸಾಲಾಗಿ ನಿಂತ ಇಂಜಿನ್ನುಗಳಿಗೆ ಬಾಳೆಕಂದು, ಮಾವಿನೆಲೆ, ಕುಂಕುಮ, ವಿಭೂತಿ. ಹೋತನನ್ನು ಕಂಡ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಶಿವನೇ, ಮಧುಗಿರಿ ಬೆಟ್ಟಕ್ಕೆ ಗಾಲಿ ಕಟ್ಟವ್ರಲ್ಲೋ!"

ಅಷ್ಟರಲ್ಲಿ ಮೇಲೆ ಕ್ರೇನಿನ ಗಂಟೆ ಮೊಳಗಿತು. ಚೆಂಡುಹೂವಿನ, ಒಂದು ಮಾರಲ್ಲ, ಹತ್ತು ಮಾರುದ್ದದ ಹಾರ ಕೊಕ್ಕೆಗೆ ತೂಗಿಕೊಂಡು ಗಾಳಿಯಲ್ಲಿ ತೇಲುತ್ತಾ ಬಂತು. ಎಲ್ಲರ ತಲೆಯ ಮೇಲೆ ಹಾದು, ಹೋತನ ನೆತ್ತಿಯ ಮೇಲೆ ನಿಂತು, ಒಂದು ದಳವೂ ಉದುರದಂತೆ ಅದರ ಕೊರಳಿಗಿಳಿಯಿತು. ಜನ ಚಪ್ಪಾಳೆ ತಟ್ಟಿದರು. "ಯಾರೇ ಅದು ಮ್ಯಾಲಿರೋದು?" ಎಂದು ಅವ್ವ ನನ್ನನ್ನು ಕೇಳಿದಳು.

"ನಿನ್ ಸೊಸೆ ಕಣವ್ವ."

ಅವ್ವ ಕತ್ತೆತ್ತಿ ಬಹಳ ಹೊತ್ತು ನೋಡಿದಳು. ಅತ್ತಿಗೆ ಏಣಿ ಇಳಿದು ಬಂದು ಎದುರು ನಿಂತಾಗ, ಇಷ್ಟು ವರ್ಷ ಮಾತು ಬಿಟ್ಟಿದ್ದವಳು ಆಡಿದ ಮೊದಲ ಮಾತು ಇದು: "ಅಷ್ಟೆತ್ರ ಅತ್ತೀಯಲ್ಲೇ, ಒಟ್ಟೆಗೆ ಏನಾರ ತಿಂದಿದ್ಯಾ?" ಅತ್ತಿಗೆ ಬಗ್ಗಿ ಕಾಲು ಮುಟ್ಟಿದಳು. ಅವ್ವ ಅವಳನ್ನು ಎತ್ತಿ ತಬ್ಬಿಕೊಂಡಳು. ಹೊಸ ಸೀರೆಗೆ ಎಣ್ಣೆಯಾಯಿತು. ಆಮೇಲೆ ಹೋತನ ಡ್ರೈವರ್ ಕೋಣೆಯಲ್ಲಿ ಅಪ್ಪ, ಅವ್ವ, ನಾನು, ಮಗ ಎಲ್ಲರನ್ನೂ ನಿಲ್ಲಿಸಿಕೊಂಡು ಅಂಗಳದಲ್ಲಿ ಒಂದು ಸುತ್ತು ಹೊಡೆಸಿದರು. ಅವ್ವ ಕಿಟಕಿಯ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು, "ಇನ್ನೂ ಜೋರಾಗಿ ಓಡ್ಸಪ್ಪ" ಎಂದಳು.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಕೊರಟಗೆರೆಯ ಕಡೆ ಮದುವೆಯಾಯಿತು. ಆಗ ನಮ್ಮ ಸೀಮೆಯಲ್ಲೆಲ್ಲ ಕೊಳವೆಬಾವಿ ಕೊರೆಸುವ ಕಾಲ. ವೋಲ್ಟೇಜ್ ಇಲ್ಲದೆ ದಿನಕ್ಕೊಂದು ಮೋಟಾರು ಸುಡುತ್ತಿತ್ತು. ನಾನು, ನನ್ನ ಗಂಡ ಮಧುಗಿರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟೆವು. ಸುತ್ತುವವಳು ನಾನು, ಬಿಚ್ಚಿ ಜೋಡಿಸುವವರು ಅವರು. ಅಂಗಡಿ ತೆರೆದ ದಿನ ಅತ್ತಿಗೆ ರಜೆ ಹಾಕಿ ಬಂದಿದ್ದಳು. ಗೊರವನಹಳ್ಳಿ ಲಕ್ಷ್ಮಿಯ ಕುಂಕುಮ ತಂದು ಬಾಗಿಲಿಗೆ ಹಚ್ಚಿದಳು. ಮೊದಲು ಬಂದ ರೈತ ಮೋಟಾರು ಇಳಿಸಿ ಒಳಗೆ ಇಣುಕಿ, "ಗಂಡಸ್ರು ಯಾರೂ ಇಲ್ವೇನಮ್ಮ?" ಎಂದ. ನನ್ನ ಗಂಡ ತಂತಿ ತರಲು ಹೋಗಿದ್ದರು. ನಾನು ತಡವರಿಸಿದೆ.

"ಅವ್ರೆ. ಟೀ ತರಾಕೆ ಓಗವ್ರೆ" ಎಂದಳು ಅತ್ತಿಗೆ. "ಮೋಟ್ರು ಕಟ್ಟೋಳು ಇವ್ಳು. ಇಕ್ಕೋಗಿ ಅಣ್ಣ. ಓಡ್ನಿಲ್ಲ ಅಂದ್ರೆ ನನ್ ಕೇಳಿ, ನಾನು ಇವಳ ಅತ್ಗೆ."

ಆ ಮೋಟಾರು ಓಡಿತು. ಆ ರೈತನೇ ಬೇರೆಯವರನ್ನು ಕರೆತಂದ. ಈ ಅಂಗಡಿಯಿಂದ ನನ್ನ ಮಕ್ಕಳು ಓದಿದರು, ಮನೆ ಎದ್ದಿತು. ನನ್ನ ಹತ್ತಿರ ಕಸುಬು ಕಲಿತ ಹುಡುಗಿಯರು ಸಿರಾದಲ್ಲೂ ಪಾವಗಡದಲ್ಲೂ ತಮ್ಮದೇ ಅಂಗಡಿ ಇಟ್ಟಿದ್ದಾರೆ. ಒಬ್ಬೊಬ್ಬರನ್ನೂ ಮೊದಲ ದಿನ ನಾನೇ ಕೈಹಿಡಿದು ಕೂರಿಸಿದ್ದೇನೆ.

ಅತ್ತಿಗೆ ತೀರಿಕೊಂಡದ್ದು ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ, ಮಧುಗಿರಿಯ ನಮ್ಮ ಮನೆಯಲ್ಲಿ. ಬೆಳಿಗ್ಗೆ ರಾಗಿರೊಟ್ಟಿ ತಿಂದು, ನನ್ನೊಡನೆ ಜೋರು ಜೋರಾಗಿ ಮಾತಾಡುತ್ತಿದ್ದವಳು ಎದೆ ಹಿಡಿದುಕೊಂಡು ಒರಗಿದಳು. ಗುಡ್ಡದ ಬುಡದಲ್ಲಿ ಅಣ್ಣನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಹಟ್ಟಿಗೆ ಒಯ್ದೆವು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಒಂದು ವ್ಯಾನು ಬಂತು. ಇಳಿದವರೆಲ್ಲ ಹೆಂಗಸರು, ಶೆಡ್ಡಿನವರು. ಅವಳ ನಂತರ ಕೆಲಸಕ್ಕೆ ಸೇರಿದವರು, ಅವಳ ಕೈಯಲ್ಲಿ ಕಲಿತವರು. ಹಾರ ಹಾಕಿ ಹಿಂದೆ ಸರಿಯುತ್ತಾರೆಂದುಕೊಂಡರೆ, ಅವರು ಚಟ್ಟದ ಸುತ್ತ ನಿಂತರು.

"ಹೆಂಗಸ್ರು ಹೆಗ್ಲು ಕೊಡಾದು ನಮ್ಮಲ್ಲಿಲ್ಲ ಕಣಮ್ಮ" ಎಂದರು ಹಟ್ಟಿಯ ಹಿರಿಯರೊಬ್ಬರು.

ಅವರಲ್ಲಿ ದೊಡ್ಡವಳು ಕೈಮುಗಿದು, "ಮಾ ಅಕ್ಕನಿ ಮೇಮೇ ಎತ್ತುಕುಂಟಾಂ" ಎಂದಳು. ನಮ್ಮಕ್ಕನನ್ನು ನಾವೇ ಎತ್ತುತ್ತೇವೆ.

ಹಿರಿಯರು ಮಗನ ಮುಖ ನೋಡಿದರು. ಮುಂದೆ ಮಡಕೆ ಹಿಡಿದು ನಿಂತಿದ್ದ ಅವನು, "ಅವ್ರೇ ಎತ್ಲಿ ತಾತ" ಎಂದ. ಮೂವರು ಮೂರು ಮೂಲೆಗೆ ಹೆಗಲು ಕೊಟ್ಟರು. ನಾಲ್ಕನೆಯವಳು ನನ್ನ ಕಡೆ ನೋಡಿ ಜಾಗ ಬಿಟ್ಟಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ನಿಂತೆ.

ಭಾರವಿತ್ತು. ಗುಡ್ಡದ ಬುಡದವರೆಗೆ ಹೆಗಲು ಬದಲಿಸದೆ ಒಯ್ದೆವು.